ಮರಳಿನ ರಾಶಿಯ ಬುಡ

ನಮ್ಮ ಕಾಂಕ್ರೀಟ್ ಲ್ಯಾಬಿನ ಹಿಂದೆ ಒಂದು ಶೆಡ್ ಇದೆ. ಅಲ್ಲಿ ಮರಳಿನ ರಾಶಿ. ಮಳೆ ಬಂದು ನಿಂತ ಮೇಲೆ ಆ ರಾಶಿಯ ಮೇಲ್ಭಾಗ ಒಣಗಿತ್ತು, ಬುಡ ಇನ್ನೂ ಒದ್ದೆಯಾಗಿತ್ತು. ವಿಷಯ ಇಷ್ಟೇ. ಆದರೆ ಅದು ನನಗೆ ಗೊತ್ತಾಗುವ ಹೊತ್ತಿಗೆ ಬಲ ಪರೀಕ್ಷೆಗೆಂದು ಅಚ್ಚು ಹಾಕಿದ 54 ಕಾಂಕ್ರೀಟ್ ಕ್ಯೂಬ್‌ಗಳು ದಂಡವಾಗಿದ್ದವು. ಸಮ್ಮೇಳನಕ್ಕೆ ಕಳಿಸಿದ್ದ ಸಾರಾಂಶವನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಅಧ್ಯಾಪಕಿಯ ಕೆಲಸ ಎಂದರೆ ಏನು ಅಂತ ನಾನು ಅಂದುಕೊಂಡಿದ್ದರಲ್ಲಿ ಅರ್ಧ ಬದಲಾಯಿತು.

ಸಿವಿಲ್ ವಿಭಾಗಕ್ಕೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದ ದಿನದಿಂದ ಮೊದಲ ಪ್ರಬಂಧ ಅಚ್ಚಾಗುವವರೆಗಿನ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಪಿಎಚ್‌ಡಿ ಮುಗಿಸಿ ಈ ಕೆಲಸಕ್ಕೆ ಬರುವವರು ಇದನ್ನು ಮೊದಲೇ ಓದಿಕೊಂಡಿರಲಿ ಎಂಬುದು ನನ್ನ ಆಸೆ.

ಪಿಎಚ್‌ಡಿ ಮಾಡುವಾಗ ಎಲ್ಲವೂ ನನ್ನ ಕೈಯಲ್ಲೇ ಇತ್ತು. ಜಲ್ಲಿಯನ್ನು ಜರಡಿ ಹಿಡಿದಿದ್ದು ನಾನು, ತೂಕ ಹಾಕಿದ್ದು ನಾನು, ಕಲಸಿ ಅಚ್ಚಿಗೆ ತುಂಬಿದ್ದು ನಾನು. ಮರುದಿನ ಅಚ್ಚು ಬಿಚ್ಚಿ ಕ್ಯೂಬ್‌ಗಳನ್ನು ನೀರಿನ ತೊಟ್ಟಿಗೆ ಇಳಿಸಿದ್ದೂ ನಾನೇ. ಒಂದು ಕ್ಯೂಬ್ ಬೇಗ ಒಡೆದರೆ ಯಾಕೆ ಎಂದು ನನ್ನ ಕೈಗೇ ನೆನಪಿರುತ್ತಿತ್ತು. ಇದನ್ನು ತುಂಬುವಾಗ ವೈಬ್ರೇಟರ್ ಮಧ್ಯೆ ನಿಂತಿತ್ತು, ಅದರ ಒಂದು ಮೂಲೆ ಬಿಚ್ಚುವಾಗ ಮುರಿದಿತ್ತು, ಹೀಗೆ.

ಅಧ್ಯಾಪಕಿಯಾದ ಮೇಲೆ ಕೈಗಳು ಬೇರೆಯವರದಾದವು, ಹೆಸರು ಮಾತ್ರ ನನ್ನದು. ಈ ಬದಲಾವಣೆಯ ಬಗ್ಗೆ ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ನೇಮಕದ ಪತ್ರದಲ್ಲಿ ಮೂರು ಕೆಲಸ ಬರೆದಿತ್ತು: ಪಾಠ, ಸಂಶೋಧನೆ, ವಿಭಾಗದ ಇತರೆ ಜವಾಬ್ದಾರಿ. ಓದುವಾಗ ಮೂರೂ ಸಮಪಾಲು ಅನ್ನಿಸುತ್ತದೆ. ವಾರ ಶುರುವಾದ ಮೇಲೆ ಹಾಗಿರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ನನಗೆ ಬಂದಿದ್ದು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಮತ್ತು ಕಾಂಕ್ರೀಟ್ ಲ್ಯಾಬ್. ಒಂದು ಗಂಟೆಯ ಪಾಠಕ್ಕೆ ಐದಾರು ಗಂಟೆ ತಯಾರಿ ಬೇಕಾಗುತ್ತಿತ್ತು. ಬಾಗುವ ತೊಲೆಯಲ್ಲಿ ಮೇಲಿನ ಎಳೆ ಕುಗ್ಗುತ್ತದೆ, ಕೆಳಗಿನದು ಹಿಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಎರಡೂ ಮಾಡುವುದಿಲ್ಲ. ಇದು ನನಗೆ ವರ್ಷಗಳಿಂದ ಗೊತ್ತಿತ್ತು. ಆದರೆ ಮೊದಲ ಸಲ ಕೇಳುವವರ ಮುಂದೆ ಹೇಳಲು ಹೋದಾಗ, ನನಗೆ ಗೊತ್ತಿದ್ದಿದ್ದು ಸೂತ್ರ ಮಾತ್ರ ಎಂದು ತಿಳಿಯಿತು. ಒಂದು ಸ್ಪಂಜಿನ ಮೇಲೆ ಗೆರೆ ಎಳೆದುಕೊಂಡು ಹೋಗಿ ಬಾಗಿಸಿ ತೋರಿಸಿದೆ. ಅವತ್ತು ನಾನೂ ಅದನ್ನು ಸರಿಯಾಗಿ ನೋಡಿದೆ.

ಇನ್ನು ವಿಭಾಗ. ಹೊರಗಿನವರಿಗೆ ಸಿವಿಲ್ ಎಂದರೆ ಕಟ್ಟಡ. ಒಳಗೆ ಬಂದರೆ ಒಂದೇ ಕಾರಿಡಾರಿನಲ್ಲಿ ಆರೇಳು ಲೋಕಗಳಿವೆ. ಒಬ್ಬರು ಮಣ್ಣು ನೋಡುತ್ತಾರೆ, ಒಬ್ಬರು ನದಿ ನೀರು, ಒಬ್ಬರು ರಸ್ತೆ ಮತ್ತು ಸಂಚಾರ, ಇನ್ನೊಬ್ಬರು ಕೊಳಚೆ ನೀರಿನ ಶುದ್ಧೀಕರಣ, ಮತ್ತೊಬ್ಬರು ಭೂಕಂಪಕ್ಕೆ ಕಟ್ಟಡ ಹೇಗೆ ಅಲುಗಾಡುತ್ತದೆ ಎಂಬ ಲೆಕ್ಕ. ಅಸಿಸ್ಟೆಂಟ್, ಅಸೋಸಿಯೇಟ್, ಪ್ರೊಫೆಸರ್ ಎಂಬ ಮೆಟ್ಟಿಲುಗಳಿವೆ ನಿಜ. ಆದರೆ ದಿನದ ಕೆಲಸ ಆ ಮೆಟ್ಟಿಲಿನ ಪ್ರಕಾರ ನಡೆಯುವುದಿಲ್ಲ. ಟೈಮ್‌ಟೇಬಲ್ ಮಾಡುವವರು, ಪ್ರಶ್ನೆಪತ್ರಿಕೆ ಪರಿಶೀಲಿಸುವವರು, ಲ್ಯಾಬ್ ಉಸ್ತುವಾರಿ, ಪಠ್ಯಕ್ರಮ ಸಮಿತಿ, ಹೊರಗಿನಿಂದ ಬರುವ ಪರೀಕ್ಷೆಯ ಕೆಲಸ, ಎಲ್ಲವೂ ಒಬ್ಬೊಬ್ಬರ ಹೆಗಲ ಮೇಲೆ. ಹೊಸಬರಿಗೆ ಸಾಮಾನ್ಯವಾಗಿ ಬರುವುದು ಲ್ಯಾಬ್ ಉಸ್ತುವಾರಿ. ನನಗೂ ಅದೇ ಬಂತು. ಆಗ ಅದು ಹೊರೆ ಅನ್ನಿಸಿತ್ತು. ಈಗ ಅದನ್ನು ನಾನು ಬೇರೆಯವರಿಗೆ ಕೊಡಲು ಒಪ್ಪುವುದಿಲ್ಲ.

ನನ್ನ ಸಂಶೋಧನೆಯ ವಿಷಯ ಹಾರುಬೂದಿ. ಕಲ್ಲಿದ್ದಲು ಸುಟ್ಟಾಗ ಹೊಗೆಯ ಜೊತೆ ಮೇಲೇರುವ ಸಣ್ಣ ಪುಡಿ ಅದು. ಸಿಮೆಂಟಿನ ಒಂದು ಪಾಲನ್ನು ತೆಗೆದು ಅದರ ಜಾಗಕ್ಕೆ ಇದನ್ನು ಹಾಕಬಹುದು. ಯಾಕೆ ಹಾಕಬೇಕು ಎಂಬುದಕ್ಕೆ ಲೆಕ್ಕ ಇದೆ. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಕಾಯಿಸಬೇಕು. ಶುದ್ಧ ಸುಣ್ಣದ ಕಲ್ಲು 100 ಗ್ರಾಂ ಇದ್ದರೆ ಅದರಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದು ಕಲ್ಲಿನ ಒಳಗಿಂದಲೇ ಬರುವುದು, ಉರುವಲಿನ ಹೊಗೆ ಬೇರೆ. ಒಲೆಯನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಈ 44 ಗ್ರಾಂ ತಪ್ಪುವುದಿಲ್ಲ. ಜಗತ್ತು ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟ್ ಮಾಡುತ್ತದೆ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7ರಿಂದ 8ರಷ್ಟು ಇದರದ್ದೇ. ಹಾಗಾಗಿ ಸಿಮೆಂಟಿನಲ್ಲಿ ಒಂದು ಹಿಡಿ ಕಡಿಮೆ ಮಾಡಿದರೂ ಅದಕ್ಕೆ ಬೆಲೆ ಇದೆ. ನಾನು ಈ ವಿಷಯ ಹಿಡಿದಿದ್ದು ಅದಕ್ಕೇ.

ತೊಂದರೆ ಏನೆಂದರೆ ಹಾರುಬೂದಿ ನಿಧಾನ. ಸಿಮೆಂಟ್ ನೀರಿನ ಜೊತೆ ಸೇರಿದಾಗ ಗಟ್ಟಿಯಾಗುವ ವಸ್ತುವಿನ ಜೊತೆಗೆ ಒಂದಷ್ಟು ಸುಣ್ಣವೂ ಹುಟ್ಟುತ್ತದೆ. ಹಾರುಬೂದಿಯಲ್ಲಿರುವ ಸಿಲಿಕಾ ಆ ಸುಣ್ಣಕ್ಕಾಗಿ ಕಾಯುತ್ತದೆ. ಸುಣ್ಣ ಬಂದ ಮೇಲೆ ಮೆಲ್ಲಗೆ ಅದರ ಜೊತೆ ಬೆರೆತು ಇನ್ನಷ್ಟು ಗಟ್ಟಿ ವಸ್ತು ಕಟ್ಟುತ್ತದೆ. ಇದಕ್ಕೆ ತೇವ ಬೇಕು, ಕಾಲ ಬೇಕು. 28 ದಿನಕ್ಕೆ ನೋಡಿದರೆ ಹಿಂದೆ ಬಿದ್ದಿರುತ್ತದೆ, 90 ದಿನಕ್ಕೆ ಹತ್ತಿರ ಬರುತ್ತದೆ. ಎಷ್ಟು ಹಾಕಿದರೆ ಎಷ್ಟು ಹಿಂದೆ ಬೀಳುತ್ತದೆ, ಯಾವಾಗ ಹಿಡಿಯುತ್ತದೆ ಎಂಬುದು ಪ್ರಶ್ನೆ.

ಹಣದ ಕಥೆ ಬೇಗ ಹೇಳಿಬಿಡುತ್ತೇನೆ. ಮೊದಲ ಪ್ರಸ್ತಾವನೆ ತಿರಸ್ಕಾರವಾಯಿತು. ಅದರಲ್ಲಿ ನಾನು ಐದು ಪ್ರಶ್ನೆ ಕೇಳಿದ್ದೆ. ವಿಭಾಗದ ಹಿರಿಯ ಪ್ರೊಫೆಸರ್ ಅದನ್ನು ಓದಿ ನಾಲ್ಕನ್ನು ಪೆನ್ಸಿಲಿನಲ್ಲಿ ಹೊಡೆದರು. ಉಳಿದ ಒಂದರ ಮೇಲೆ ಬರೆದದ್ದಕ್ಕೆ ಸಣ್ಣ ಮೊತ್ತ ಸಿಕ್ಕಿತು. ಒಬ್ಬ ವಿದ್ಯಾರ್ಥಿನಿಗೆ, ಸಾಮಗ್ರಿಗೆ ಸಾಕಾಗುವಷ್ಟು.

ಆ ವಿದ್ಯಾರ್ಥಿನಿ ಲ್ಯಾಬಿಗೆ ಹೊಸಬಳು, ತುಂಬಾ ಶ್ರದ್ಧೆಯವಳು. ಇಬ್ಬರೂ ಕೂತು ಯೋಜನೆ ಹಾಕಿದೆವು. ಮೂರು ಮಿಶ್ರಣ: ಹಾರುಬೂದಿ ಇಲ್ಲದ್ದು, ಶೇ. 20, ಶೇ. 40. ಮೂರು ವಯಸ್ಸು: 7, 28, 90 ದಿನ. ಪ್ರತಿ ಮಿಶ್ರಣವನ್ನು ಎರಡು ಸಲ ಕಲಸುವುದು, ಪ್ರತಿ ಸಲವೂ ಒಂದೊಂದು ವಯಸ್ಸಿಗೆ ಮೂರು ಕ್ಯೂಬ್. ಒಟ್ಟು 54. ಒಂದೊಂದು 150 ಮಿಲಿಮೀಟರ್ ಕ್ಯೂಬ್ ಸುಮಾರು 8 ಕೆಜಿ ತೂಗುತ್ತದೆ. ಎಲ್ಲ ಸೇರಿದರೆ 400 ಕೆಜಿಗೂ ಜಾಸ್ತಿ. ಅಷ್ಟನ್ನೂ ಎತ್ತಿ ಇಳಿಸಿದ್ದು ಅವಳು ಮತ್ತು ನಮ್ಮ ಲ್ಯಾಬ್ ಟೆಕ್ನಿಷಿಯನ್.

ನಾನು ಎಲ್ಲಿದ್ದೆ? ತರಗತಿಯಲ್ಲಿ, ಸಭೆಯಲ್ಲಿ, ಉತ್ತರಪತ್ರಿಕೆಗಳ ಮುಂದೆ. ಮೊದಲ ದಿನ ಅರ್ಧ ಗಂಟೆ ಲ್ಯಾಬಿನಲ್ಲಿ ನಿಂತಿದ್ದೆ. ಮರಳಿನ ನೀರಿನಂಶ ಅಳೆಯಲು ಹೇಳಿದೆ. ಅವಳು ರಾಶಿಯ ಮೇಲಿಂದ ಒಂದು ಬೋಗುಣಿ ತೆಗೆದು ಓವನ್ನಿಗೆ ಇಟ್ಟಳು. ಬಂದ ಸಂಖ್ಯೆಯನ್ನು ಹಾಳೆಯಲ್ಲಿ ಬರೆದು, ಅಷ್ಟು ನೀರನ್ನು ಲೆಕ್ಕದಲ್ಲಿ ಕಡಿಮೆ ಮಾಡಿಕೊಂಡಳು. ಅದೇ ಸಂಖ್ಯೆ ಎಲ್ಲ ಮಿಶ್ರಣಗಳಿಗೂ ನಡೆಯಿತು. ತಪ್ಪು ಅವಳದಲ್ಲ. ಪ್ರತಿ ಸಲ ಅಳೆಯಬೇಕು ಎಂದು ನಾನು ಹೇಳಿರಲಿಲ್ಲ. ನನ್ನ ಪಿಎಚ್‌ಡಿ ದಿನಗಳಲ್ಲಿ ನಾನು ಮರಳನ್ನು ಕೈಯಲ್ಲಿ ಹಿಂಡಿ ನೋಡಿಯೇ ಎಚ್ಚರವಾಗುತ್ತಿದ್ದೆ. ಆ ಎಚ್ಚರ ನನ್ನ ಕೈಯಲ್ಲಿತ್ತು, ನಾನು ಕೊಟ್ಟ ಹಾಳೆಯಲ್ಲಿ ಇರಲಿಲ್ಲ.

ಮೊದಲ ಎರಡು ಮಿಶ್ರಣಗಳನ್ನು ಒಂದೇ ವಾರ ಕಲಸಿದರು. ಮೂರನೆಯದನ್ನು, ಅಂದರೆ ಶೇ. 40ರದ್ದನ್ನು, ಮೂರು ವಾರ ಬಿಟ್ಟು ಕಲಸಿದರು.

28 ದಿನದ ಫಲಿತಾಂಶ ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಶೇ. 40 ಹಾರುಬೂದಿ ಹಾಕಿದ ಕಾಂಕ್ರೀಟ್, ಬೂದಿ ಇಲ್ಲದ ಕಾಂಕ್ರೀಟಿನಷ್ಟೇ ಬಲ ತೋರಿಸಿತ್ತು. ಶೇ. 20ರದ್ದಕ್ಕಿಂತ ಜಾಸ್ತಿಯೇ ಇತ್ತು. ಎರಡು ಸಲ ಕಲಸಿದ್ದೂ ಒಂದಕ್ಕೊಂದು ಹೊಂದಿತ್ತು. ಇನ್ನೇನು ಬೇಕು ಅಂತ ಅನ್ನಿಸಿತು. 90 ದಿನಕ್ಕೆ ಕಾಯದೆ ಒಂದು ಸಮ್ಮೇಳನಕ್ಕೆ ಸಾರಾಂಶ ಬರೆದೆವು. ಕಳಿಸಿದೆವು. ಸ್ವೀಕಾರವೂ ಆಯಿತು.

ನಮ್ಮ ಟೆಕ್ನಿಷಿಯನ್ ಬಗ್ಗೆ ಒಂದು ಮಾತು ಹೇಳಬೇಕು. ಅವರು ಕ್ಯೂಬ್ ಒಡೆಯುವ ಮುಂಚೆ ಪ್ರತಿಯೊಂದನ್ನೂ ತೂಗುತ್ತಾರೆ. ಯಾರೂ ಕೇಳದಿದ್ದರೂ ತೂಗುತ್ತಾರೆ. ಮೆಷಿನ್ನಿನಲ್ಲಿ ಕ್ಯೂಬನ್ನು ಮಧ್ಯಕ್ಕೆ ಇಡುತ್ತಾರೆ, ಅಚ್ಚಿನ ಪಕ್ಕಕ್ಕೆ ತಾಗಿದ್ದ ನುಣುಪು ಮುಖವನ್ನೇ ಒತ್ತುವ ತಟ್ಟೆಗೆ ಕೊಡುತ್ತಾರೆ, ಭಾರವನ್ನು ಒಂದೇ ವೇಗದಲ್ಲಿ ಏರಿಸುತ್ತಾರೆ. ವೇಗ ಜಾಸ್ತಿ ಮಾಡಿದರೆ ಅದೇ ಕಾಂಕ್ರೀಟ್ ಹೆಚ್ಚು ಬಲ ಇದ್ದಂತೆ ತೋರಿಸುತ್ತದೆ. ಅವಸರದ ದಿನ ಯಾರಾದರೂ ಹಾಗೆ ಮಾಡಿದರೆ ಸಂಖ್ಯೆ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಒಡೆದ ಮೇಲೆ ಅವರು ತುಂಡುಗಳನ್ನು ನೋಡುತ್ತಾರೆ. ನಾಲ್ಕೂ ಬದಿ ಉದುರಿ, ತುದಿಗೆ ತುದಿ ತಾಗಿದ ಎರಡು ಪಿರಮಿಡ್ ಆಕಾರ ಉಳಿದರೆ ಸರಿಯಾಗಿ ಒಡೆದಿದೆ ಎಂದರ್ಥ. ಒಂದೇ ಕಡೆ ಸೀಳಿದ್ದರೆ ಪುಸ್ತಕದಲ್ಲಿ ಗುರುತು ಹಾಕುತ್ತಾರೆ.

ಒಂದು ಸಂಜೆ ಅವರು ಆ ಪುಸ್ತಕ ಹಿಡಿದುಕೊಂಡು ನನ್ನ ಕೋಣೆಗೆ ಬಂದರು.

“ಮೇಡಂ, ತೂಕ ಸ್ವಲ್ಪ ನೋಡಿ.”

ನೋಡಿದೆ. ಬೂದಿ ಇಲ್ಲದ ಕ್ಯೂಬ್‌ಗಳು, ಶೇ. 40ರ ಕ್ಯೂಬ್‌ಗಳು, ಎರಡೂ ಹೆಚ್ಚುಕಡಿಮೆ ಒಂದೇ ತೂಕ.

“ಒಂದೇ ಇದೆಯಲ್ಲ?”

“ಅದೇ ಮೇಡಂ. ಒಂದೇ ಇರಬಾರದು ಅಲ್ವಾ? ಬೂದಿ ಸಿಮೆಂಟಿಗಿಂತ ಹಗುರ. ನಲವತ್ತರದ್ದು ನೂರು ಗ್ರಾಮಾದರೂ ಕಡಿಮೆ ಬರಬೇಕಿತ್ತು.”

ನಾನು ಸುಮ್ಮನೆ ಕೂತೆ. ಅವರೇ ಮುಂದುವರಿಸಿದರು. “ಮೊದಲನೆಯ ವಾರ ಸ್ಲಂಪ್ 150 ಬಂದಿತ್ತು. ನಾನು ಬರೆದಿಟ್ಟಿದ್ದೆ. ನಿಮ್ಮ ಹಾಳೆಯಲ್ಲಿ 80 ಅಂತ ಇದೆ.”

ಸ್ಲಂಪ್ ಎಂದರೆ ಹಸಿ ಕಾಂಕ್ರೀಟನ್ನು ಒಂದು ಶಂಕುವಿನಲ್ಲಿ ತುಂಬಿ, ಶಂಕು ಎತ್ತಿದಾಗ ರಾಶಿ ಎಷ್ಟು ಕುಸಿಯುತ್ತದೆ ಎಂಬ ಅಳತೆ. 80 ಮಿಲಿಮೀಟರ್ ಇರಬೇಕಾದ ಕಡೆ 150 ಬಂದರೆ ಅದರಲ್ಲಿ ನೀರು ಜಾಸ್ತಿ ಇದೆ ಎಂದು ಮೊದಲು ಅನುಮಾನಪಡಬೇಕು. ನನ್ನ ವಿದ್ಯಾರ್ಥಿನಿಗೆ ಅವತ್ತು ಕಾಂಕ್ರೀಟ್ ಸಲೀಸಾಗಿ ಅಚ್ಚಿಗೆ ಇಳಿದಿದ್ದು ಖುಷಿಯಾಗಿತ್ತು. ನನಗೆ ಕಳಿಸಿದ ಹಾಳೆಯಲ್ಲಿ ಸ್ಲಂಪಿನ ಕಾಲಮ್ಮಿಗೆ ಗುರಿಯ ಸಂಖ್ಯೆಯೇ ತುಂಬಿತ್ತು, ಅಳೆದ ಸಂಖ್ಯೆ ಅಲ್ಲ. ಆ ಕಾಲಮ್ಮಿನ ತಲೆಬರಹವನ್ನು ನಾನೇ ಅಸ್ಪಷ್ಟವಾಗಿ ಬರೆದಿದ್ದೆ. ಲ್ಯಾಬಿನ ಪುಸ್ತಕವನ್ನು ನಾನು ಒಂದು ದಿನವೂ ತೆರೆದು ನೋಡಿರಲಿಲ್ಲ.

ಮೂವರೂ ಶೆಡ್ಡಿಗೆ ಹೋದೆವು. ಸಲಿಕೆಯಿಂದ ರಾಶಿಯನ್ನು ಬಗೆದೆವು. ಮೇಲೆ ಬೆರಳಿನಿಂದ ಜಾರುವ ಒಣ ಮರಳು. ಕೆಳಗೆ ಹಿಂಡಿದರೆ ಉಂಡೆಯಾಗಿ ನಿಲ್ಲುವ ಮರಳು. ಮೊದಲ ವಾರ ಮಳೆ ನಿಂತು ಎರಡು ದಿನವಾಗಿತ್ತು, ಬುಡದಿಂದ ತುಂಬಿಕೊಂಡಿದ್ದರು. ಮೂರು ವಾರದ ನಂತರ ರಾಶಿ ಪೂರ್ತಿ ಒಣಗಿತ್ತು.

ಲೆಕ್ಕ ಹಾಕಿದೆ. ಒಂದು ಘನ ಮೀಟರ್ ಕಾಂಕ್ರೀಟಿಗೆ ನಮ್ಮ ಮಿಶ್ರಣದಲ್ಲಿ 700 ಕೆಜಿ ಮರಳು. ನೀರಿನಂಶದಲ್ಲಿ ಶೇ. 3 ತಪ್ಪಿದರೆ 21 ಲೀಟರ್ ನೀರು. ನಾವು ಹಾಕಬೇಕಾದ ನೀರು 160 ಲೀಟರ್, ಸಿಮೆಂಟ್ 320 ಕೆಜಿ. ಅನುಪಾತ 0.50. ಈ 21 ಲೀಟರ್ ಸೇರಿದರೆ ಅದು 0.57ರ ಹತ್ತಿರ. ನೀರು ಮತ್ತು ಸಿಮೆಂಟಿನ ಅನುಪಾತ ಏರಿದಂತೆ ಕಾಂಕ್ರೀಟಿನ ಬಲ ಇಳಿಯುತ್ತದೆ ಎಂಬ ನಿಯಮವನ್ನು ಡಫ್ ಅಬ್ರಾಮ್ಸ್ 1918ರಲ್ಲೇ ಹೇಳಿದ್ದಾರೆ. ಅದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸುತ್ತೇನೆ. ನಮ್ಮ ಶೇ. 40ರ ಕಾಂಕ್ರೀಟಿಗೆ ವಿಶೇಷ ಬಲ ಬಂದಿರಲಿಲ್ಲ. ಅದರ ಪಕ್ಕದಲ್ಲಿಟ್ಟು ಹೋಲಿಸಿದ ಕಾಂಕ್ರೀಟ್ ದುರ್ಬಲವಾಗಿತ್ತು.

ಎರಡು ಸಲ ಕಲಸಿದ್ದು ಹೊಂದಿತ್ತಲ್ಲ, ಅದು ಯಾಕೆ ಕಾಪಾಡಲಿಲ್ಲ? ಎರಡನ್ನೂ ಒಂದೇ ದಿನ, ಒಂದೇ ರಾಶಿಯಿಂದ ಕಲಸಿದ್ದೆವು. ಎರಡರಲ್ಲೂ ಒಂದೇ ತಪ್ಪು ಇತ್ತು. ತಪ್ಪುಗಳು ಒಂದಕ್ಕೊಂದು ಹೊಂದಿದ್ದನ್ನು ನಾನು ಫಲಿತಾಂಶ ಹೊಂದಿದೆ ಎಂದು ಓದಿದ್ದೆ.

ಮರುದಿನ ಇದನ್ನು ಪಕ್ಕದ ಕೋಣೆಯ ಮಣ್ಣಿನ ಪ್ರೊಫೆಸರಿಗೆ ಹೇಳಿದೆ. ಅವರು ಆಶ್ಚರ್ಯಪಟ್ಟಿದ್ದು ಬೇರೆಯದಕ್ಕೆ. “ನೀವು ದಿನಾ ನೀರಿನಂಶ ನೋಡಲ್ವಾ? ನಮ್ಮಲ್ಲಿ ವಿದ್ಯಾರ್ಥಿ ಮೊದಲು ಕಲಿಯುವುದೇ ಅದು.” ನಿಜ. ಕಾರ್ಲ್ ಟೆರ್ಜಾಗಿ 1925ರಲ್ಲಿ ಮಣ್ಣಿನ ಯಂತ್ರಶಾಸ್ತ್ರದ ಪುಸ್ತಕ ಬರೆದಾಗ ಅದರ ಹೃದಯದಲ್ಲಿ ಇದ್ದದ್ದು ಮಣ್ಣಿನ ಕಣಗಳ ನಡುವಿನ ನೀರು. ಆ ನೀರು ಎಷ್ಟು ಭಾರ ಹೊರುತ್ತದೆ, ಅದು ಹೊರಗೆ ಹೋದರೆ ಏನಾಗುತ್ತದೆ ಎಂಬುದರ ಮೇಲೆ ಆ ಇಡೀ ಶಾಖೆ ನಿಂತಿದೆ. ಅವರ ಲ್ಯಾಬಿನಲ್ಲಿ ಸಣ್ಣ ಅಲ್ಯೂಮಿನಿಯಂ ಡಬ್ಬಿಗಳ ಸಾಲೇ ಇದೆ. ಪ್ರತಿ ಮಾದರಿಯ ಮೇಲಿಂದ, ನಡುವಿನಿಂದ, ಕೆಳಗಿನಿಂದ ಒಂದೊಂದು ಡಬ್ಬಿ ಮಣ್ಣು. 105ರಿಂದ 110 ಡಿಗ್ರಿಯ ಓವನ್ನಿನಲ್ಲಿ ರಾತ್ರಿಯೆಲ್ಲ ಒಣಗುತ್ತದೆ. ನಮ್ಮ ಎರಡು ಲ್ಯಾಬ್‌ಗಳ ನಡುವೆ ಒಂದೇ ಗೋಡೆ. ನಾನು ಸೇರಿ ಒಂದು ವರ್ಷವಾಗಿದ್ದರೂ ಆ ಬಾಗಿಲು ದಾಟಿರಲಿಲ್ಲ. ಅವರು 24 ಡಬ್ಬಿಗಳನ್ನು ಕೊಟ್ಟರು. ಇನ್ನೂ ವಾಪಸ್ ಕೇಳಿಲ್ಲ.

ಸಾರಾಂಶದ ವಿಷಯ ಉಳಿದಿತ್ತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಾರಾಂಶ ತಾನೆ, ಮಾತಾಡುವಾಗ ಸರಿಪಡಿಸಿಕೊಂಡರಾಯಿತು ಎಂಬ ಯೋಚನೆ ಬಂದಿದ್ದು ಸುಳ್ಳಲ್ಲ. ಹಿರಿಯ ಪ್ರೊಫೆಸರ್ ಬಳಿ ಹೋದೆ. ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಓದಿ ಯಾರಾದರೂ ನಲವತ್ತು ಪಾಲು ಬೂದಿ ಹಾಕಿ 28 ದಿನಕ್ಕೆ ತಾರಸಿ ಕೆಳಗಿನ ತಾತ್ಕಾಲಿಕ ಆಧಾರದ ಕಂಬ ತೆಗೆದುಬಿಟ್ಟರೆ?”

ಅವತ್ತು ಮಧ್ಯಾಹ್ನವೇ ಸಂಘಟಕರಿಗೆ ಪತ್ರ ಬರೆದೆ. ಪ್ರಯೋಗದಲ್ಲಿ ನೀರಿನ ಲೆಕ್ಕ ತಪ್ಪಿದೆ, ತೀರ್ಮಾನ ನಿಲ್ಲುವುದಿಲ್ಲ, ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದು ನೇರವಾಗಿ ಬರೆದೆ. ಕಳಿಸುವ ಮುಂಚೆ ವಿದ್ಯಾರ್ಥಿನಿಗೆ ತೋರಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಅದು ಅವಳ ಮೊದಲ ಸಮ್ಮೇಳನ. ತಪ್ಪು ನನ್ನ ವಿಧಾನದ್ದು, ನಿನ್ನದಲ್ಲ ಎಂದು ಹೇಳಿದೆ. ಪತ್ರದಲ್ಲೂ ಹಾಗೇ ಬರೆದಿದ್ದೆ. ಅವಳು ಅದನ್ನು ಎರಡು ಸಲ ಓದಿದಳು.

ಮತ್ತೆ 54 ಕ್ಯೂಬ್. ಈ ಸಲ ಶುರು ಮಾಡುವ ಮುಂಚೆ ಒಂದು ತಿಂಗಳು ಬರೀ ಯೋಜನೆಗೆ ಹೋಯಿತು. ರಸ್ತೆ ಸಂಚಾರದ ಮೇಲೆ ಕೆಲಸ ಮಾಡುವ ಸಹೋದ್ಯೋಗಿಗೆ ಸಂಖ್ಯಾಶಾಸ್ತ್ರ ಚೆನ್ನಾಗಿ ಗೊತ್ತು. ಅವರು ನಮ್ಮ ಯೋಜನೆ ನೋಡಿ, ಎರಡನೆಯ ಸಲ ಕಲಸುವುದನ್ನು ಬೇರೆ ದಿನಕ್ಕೆ ಹಾಕಿ, ಯಾವ ದಿನ ಯಾವ ಮಿಶ್ರಣ ಎಂದು ಚೀಟಿ ಎತ್ತಿ ನಿರ್ಧರಿಸಿ ಎಂದರು. ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಹೊಲದ ಪ್ರಯೋಗಗಳಿಗಾಗಿ ಕಟ್ಟಿದ ವಿಚಾರ ಇದು. ಹೊಲದ ಒಂದು ಮೂಲೆ ಫಲವತ್ತಾಗಿದ್ದರೆ ಒಂದೇ ಗೊಬ್ಬರಕ್ಕೆ ಅದರ ಲಾಭ ಸಿಗಬಾರದು ಅಲ್ವಾ, ಹಾಗೆ. ನಮ್ಮ ಮಳೆಗೂ ಮರಳಿಗೂ ಅದೇ ಮಾತು. ಆರು ಚೀಟಿಗಳನ್ನು ಟೆಕ್ನಿಷಿಯನ್ ಎತ್ತಿದರು.

ವಾರದ ಯಾವ ದಿನ ಕಲಸಬೇಕು ಎಂಬುದನ್ನೂ ಅವರೇ ಕಲಿಸಿದರು. 7 ಮತ್ತು 28 ವಾರಕ್ಕೆ ಸರಿಯಾಗಿ ಕೂರುತ್ತವೆ. ಬುಧವಾರ ಕಲಸಿದರೆ ಎರಡೂ ಬುಧವಾರವೇ ಬರುತ್ತವೆ. 90 ಹಾಗಲ್ಲ. ಅದು 12 ವಾರ ಮತ್ತು 6 ದಿನ. ಸೋಮವಾರ ಕಲಸಿದರೆ 90ನೆಯ ದಿನ ಭಾನುವಾರ ಬೀಳುತ್ತದೆ, ಲ್ಯಾಬ್ ಮುಚ್ಚಿರುತ್ತದೆ. ಕೆಲವು ಕಡೆ 91 ದಿನ ಎಂದೇ ಇಟ್ಟುಕೊಳ್ಳುತ್ತಾರೆ. ನಾವು ಬುಧವಾರ ಮತ್ತು ಗುರುವಾರ ಆರಿಸಿಕೊಂಡೆವು. ಕಾಂಕ್ರೀಟ್ ರಜೆ ನೋಡುವುದಿಲ್ಲ. ಪರೀಕ್ಷೆಯ ವಾರ, ಪ್ರವೇಶದ ವಾರ, ನನಗೆ ಜ್ವರ ಬಂದ ವಾರ, ಯಾವುದಕ್ಕೂ ಅದು ಒಂದು ದಿನ ಕಾಯಲಿಲ್ಲ.

ಮರಳನ್ನು ಈ ಸಲ ರಾಶಿಯಿಂದ ನೇರ ತರಲಿಲ್ಲ. ಮೊದಲು ಹರಡಿ, ಒಣಗಿಸಿ, ಮಗುಚಿ, ಮುಚ್ಚಳ ಇರುವ ಡ್ರಮ್ಮುಗಳಲ್ಲಿ ತುಂಬಿಟ್ಟೆವು. ಆದರೂ ಪ್ರತಿ ಸಲ ಕಲಸುವ ಹಿಂದಿನ ದಿನ ಡ್ರಮ್ಮಿನ ಮೂರು ಆಳದಿಂದ ಮೂರು ಡಬ್ಬಿ. ಪೂರ್ತಿ ಒಣಗಿದ ಮರಳಿಗೂ ಒಂದು ಲೆಕ್ಕ ಇದೆ. ಅದು ಕಲಸುವಾಗ ನೀರನ್ನು ಕುಡಿಯುತ್ತದೆ. ಒಳಗೆ ತುಂಬಾ ಕುಡಿದು ಮೇಲ್ಮೈ ಮಾತ್ರ ಒಣಗಿರುವ ಸ್ಥಿತಿಯನ್ನು ಸೊನ್ನೆ ಎಂದು ಇಟ್ಟುಕೊಂಡು ಅದಕ್ಕಿಂತ ಒದ್ದೆಯಾದರೆ ನೀರು ಕಳೆಯಬೇಕು, ಒಣಗಿದ್ದರೆ ಸೇರಿಸಬೇಕು. ಇದನ್ನು ಹಾಳೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದೆವು. ಸ್ಲಂಪ್ ಗುರಿಯಿಂದ ತುಂಬಾ ದೂರ ಹೋದರೆ ಆ ಮಿಶ್ರಣವನ್ನು ಅಚ್ಚಿಗೆ ತುಂಬಬಾರದು, ನನಗೆ ಫೋನ್ ಮಾಡಬೇಕು ಎಂದೂ ಬರೆದೆವು. ತರಗತಿಯಲ್ಲಿದ್ದರೂ ಮಾಡಬಹುದು ಎಂದು ಸೇರಿಸಿದೆ. ಒಂದು ಸಲ ಮಾಡಿದರು. ಪಾಠ ಹತ್ತು ನಿಮಿಷ ನಿಂತಿತು.

ನಡುವೆ ಮೆಷಿನ್ನಿನ ತಕರಾರು ಬಂತು. ವಿಭಾಗದ ಅದೇ ಕಂಪ್ರೆಷನ್ ಮೆಷಿನ್ನಿಗೆ ಹೊರಗಿನ ಕಾಮಗಾರಿಗಳ ಕ್ಯೂಬ್‌ಗಳೂ ಬರುತ್ತವೆ. ಅವರದ್ದೂ 28ನೆಯ ದಿನ ಅವತ್ತೇ ಆಗಬೇಕು. ಹಿಂದೆಲ್ಲ ನನಗೆ ಅದು ಅಡ್ಡಿ ಅನ್ನಿಸುತ್ತಿತ್ತು. ಒಂದು ಗುರುವಾರ ಸರದಿಯಲ್ಲಿ ನಿಂತಾಗ ಹೊರಗಿನಿಂದ ಬಂದ ಕ್ಯೂಬ್‌ಗಳನ್ನು ನೋಡಿದೆ. ಮೇಲ್ಮೈಯಲ್ಲಿ ಜೇನುಗೂಡಿನ ಹಾಗೆ ತೂತು, ಒಂದರ ಮೂಲೆ ಲಂಬವಾಗಿರಲಿಲ್ಲ. ಯಾವುದೋ ನಿಜವಾದ ಕಟ್ಟಡದ ಕಾಂಕ್ರೀಟ್ ಅದು, ಅಲ್ಲಿ ಜನ ವಾಸ ಮಾಡುತ್ತಾರೆ. ನಮ್ಮ 54ಕ್ಕೂ ಅದಕ್ಕೂ ನಡುವೆ ಎಷ್ಟು ದೂರ ಇದೆ ಎಂದು ಅಲ್ಲಿ ನಿಂತೇ ಅರ್ಥವಾಯಿತು. ಆಮೇಲೆ ಅವರ ಸರದಿಯನ್ನು ನಾನು ಮುಂದೆ ಬಿಡಲು ಶುರು ಮಾಡಿದೆ. ನಮ್ಮದು ಮಧ್ಯಾಹ್ನ ಆದರೂ 28ನೆಯ ದಿನವೇ.

ಎರಡನೆಯ ಸುತ್ತಿನ ಫಲಿತಾಂಶದಲ್ಲಿ ಕುರ್ಚಿಯಿಂದ ಏಳುವಂಥದ್ದು ಏನೂ ಇರಲಿಲ್ಲ. ಶೇ. 40ರದ್ದು 28 ದಿನಕ್ಕೆ ಸ್ಪಷ್ಟವಾಗಿ ಹಿಂದೆ ಇತ್ತು, 90 ದಿನಕ್ಕೆ ಅಂತರ ಬಹಳ ಕಡಿಮೆಯಾಗಿತ್ತು. ಶೇ. 20ರದ್ದು 90ಕ್ಕೆ ಹೆಚ್ಚುಕಡಿಮೆ ಸಮ. ಪುಸ್ತಕಗಳು ಹೇಳುವುದೂ ಇದನ್ನೇ. ತೂಕಗಳು ಈ ಸಲ ಸರಿಯಾದ ಕ್ರಮದಲ್ಲಿ ಇಳಿದಿದ್ದವು. ನಾನು ಮೊದಲು ನೋಡಿದ್ದು ಆ ಕಾಲಮ್ಮನ್ನೇ.

ಹಾಗಾದರೆ ಪ್ರಬಂಧದಲ್ಲಿ ಹೊಸದೇನು? ಇದೇ ಪ್ರಶ್ನೆಗೆ ಮೊದಲ ಪತ್ರಿಕೆ ನಮ್ಮನ್ನು ತಿರಸ್ಕರಿಸಿತು. ಆಗ ವಿದ್ಯಾರ್ಥಿನಿ ಒಂದು ಮಾತು ಹೇಳಿದಳು: “ಮೇಡಂ, ನಮ್ಮ ಹತ್ತಿರ ಒಂದೇ ಮಿಶ್ರಣದ ಎರಡು ಸೆಟ್ ಇದೆ. ಒಂದು ತಪ್ಪು ನೀರಿನದ್ದು, ಒಂದು ಸರಿ ನೀರಿನದ್ದು. ಅದನ್ನೇ ಬರೆಯೋಣವಾ?” ಬರೆದೆವು. ಮರಳಿನ ನೀರಿನಂಶ ಗಮನಿಸದಿದ್ದರೆ ಹಾರುಬೂದಿಯ ಪರಿಣಾಮ ಎಷ್ಟು ತಪ್ಪಾಗಿ ಕಾಣುತ್ತದೆ ಎಂಬುದೇ ಪ್ರಬಂಧವಾಯಿತು. ಮೊದಲ ಸುತ್ತಿನ 90 ದಿನದ ಕ್ಯೂಬ್‌ಗಳನ್ನು ಎಸೆಯದೆ ಒಡೆದಿಟ್ಟಿದ್ದು ಒಳ್ಳೆಯದಾಯಿತು. ಅದೂ ಟೆಕ್ನಿಷಿಯನ್ ಹಠ. ತೊಟ್ಟಿಗೆ ಹಾಕಿದ್ದನ್ನು ಒಡೆಯದೆ ಬಿಡಬಾರದು ಎಂಬುದು ಅವರ ನಿಯಮ.

ಎರಡನೆಯ ಪತ್ರಿಕೆಯ ವಿಮರ್ಶಕರಲ್ಲಿ ಒಬ್ಬರು ಕ್ಯೂರಿಂಗ್ ನೀರಿನ, ಅಂದರೆ ಕ್ಯೂಬ್‌ಗಳನ್ನು ಮುಳುಗಿಸಿಡುವ ತೊಟ್ಟಿಯ ನೀರಿನ, ಉಷ್ಣತೆ ಎಷ್ಟು ಎಂದು ಕೇಳಿದರು. ಸಣ್ಣ ಪ್ರಶ್ನೆ ಅನ್ನಿಸಬಹುದು. ಭಾರತದ ಮಾನದಂಡದಲ್ಲಿ ಅದು 27 ಡಿಗ್ರಿ, ಯುರೋಪಿನದ್ದರಲ್ಲಿ 20, ಅಮೆರಿಕದ್ದರಲ್ಲಿ 23. ಹಾರುಬೂದಿಯ ವೇಗ ಉಷ್ಣತೆಯ ಜೊತೆ ಬದಲಾಗುತ್ತದೆ. ಅದನ್ನು ಹೇಳದೆ ಬಲದ ಸಂಖ್ಯೆ ಕೊಟ್ಟರೆ ಬೇರೆ ದೇಶದವರು ಹೋಲಿಸಲು ಆಗುವುದಿಲ್ಲ. ಇನ್ನೊಬ್ಬ ವಿಮರ್ಶಕರ ಮಾತು ಒರಟಾಗಿತ್ತು, ಆದರೆ ಅವರು ತೋರಿಸಿದ ನಕ್ಷೆಯ ದೋಷ ನಿಜವಾಗಿತ್ತು. ಎರಡು ಸುತ್ತಿನ ತಿದ್ದುಪಡಿಯ ನಂತರ ಒಪ್ಪಿಗೆ ಬಂತು.

ಲೇಖಕರ ಹೆಸರಿನ ವಿಷಯವನ್ನು ಬಿಡಲಾರೆ. ನಮ್ಮಲ್ಲಿ ಟೆಕ್ನಿಷಿಯನ್‌ಗಳ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬರುವುದು ವಾಡಿಕೆ, ಎಷ್ಟೋ ಸಲ ಅಲ್ಲೂ ಇರುವುದಿಲ್ಲ. ಈ ಪ್ರಬಂಧದ ಮೂಲ ಅನುಮಾನ ಅವರದ್ದು. ತೂಕದ ಪುಸ್ತಕ ಅವರದ್ದು. ವಿಧಾನದ ಭಾಗವನ್ನು ಕರಡಿನಲ್ಲಿ ಓದಿ ಆರು ಕಡೆ ತಿದ್ದಿದ್ದೂ ಅವರೇ. ನಾನು ಅವರನ್ನು ಎರಡನೆಯ ಲೇಖಕರಾಗಿ ಸೇರಿಸಿದೆ. ವಿಭಾಗದಲ್ಲಿ ಒಂದಿಬ್ಬರಿಗೆ ಇದು ಸರಿ ಕಾಣಲಿಲ್ಲ. ಸಭೆಯಲ್ಲಿ ಮಾತು ಬಂತು. ಹೆಸರು ಹಾಕುವುದು ಬಹುಮಾನ ಅಲ್ಲ, ಈ ಸಂಖ್ಯೆಗೆ ಯಾರು ಉತ್ತರ ಹೇಳಬಲ್ಲರು ಎಂಬುದರ ಪಟ್ಟಿ ಅದು ಎಂದು ನಾನು ಹೇಳಿದೆ. ಯಾವುದೇ ಕ್ಯೂಬಿನ ಬಗ್ಗೆ ಕೇಳಿದರೂ ನನಗಿಂತ ಚೆನ್ನಾಗಿ ಉತ್ತರ ಕೊಡುವವರು ಅವರು. ಮೊದಲ ಹೆಸರು ವಿದ್ಯಾರ್ಥಿನಿಯದ್ದು, ಕೊನೆಯದ್ದು ನನ್ನದು. ಅಚ್ಚಾದ ಪ್ರತಿಯನ್ನು ಅವರ ಕೈಗೆ ಕೊಟ್ಟಾಗ ಅವರು ಮೊದಲ ಪುಟ ನೋಡಿ, ಸುಮ್ಮನೆ ತಿರುವಿ, ತೂಕದ ಕೋಷ್ಟಕ ಎಲ್ಲಿದೆ ಎಂದು ಹುಡುಕಿದರು.

ಈಗ ನನ್ನ ವಾರ ಹೀಗಿದೆ. ಎರಡು ಮಧ್ಯಾಹ್ನ ಲ್ಯಾಬಿಗೆ, ಯಾವ ಸಭೆ ಇದ್ದರೂ. ಸಲಿಕೆ ಹಿಡಿಯುವ ಅಗತ್ಯ ಇಲ್ಲದಿದ್ದರೂ ಹಿಡಿಯುತ್ತೇನೆ. ಹೊಸದಾಗಿ ಸೇರುವ ಪ್ರತಿ ವಿದ್ಯಾರ್ಥಿಯ ಜೊತೆ ಮೊದಲ ಮೂರು ಸಲ ನಾನೇ ನಿಂತು ಕಲಸುತ್ತೇನೆ. ಇದರಿಂದ ವರ್ಷಕ್ಕೆ ಬರೆಯುವ ಪ್ರಬಂಧ ಒಂದು ಕಡಿಮೆಯಾಗುತ್ತದೆ. ಬಡ್ತಿಯ ಅರ್ಜಿಯಲ್ಲಿ ಅದು ಕಾಣುತ್ತದೆ. ಆ ಅರ್ಜಿಯಲ್ಲಿ ಹಿಂತೆಗೆದುಕೊಂಡ ಸಾರಾಂಶಕ್ಕೆ ಜಾಗ ಇರಲಿಲ್ಲ. ಇತರೆ ಎಂಬ ಕಾಲಮ್ಮಿನಲ್ಲಿ ಎರಡು ಸಾಲು ಬರೆದೆ.

ಎರಡನೆಯ ವರ್ಷದ ಲ್ಯಾಬ್ ತರಗತಿಯನ್ನೂ ಬದಲಾಯಿಸಿದ್ದೇನೆ. ಮೊದಲ ದಿನ ಎರಡು ಚೀಲ ಮರಳು ಇಡುತ್ತೇನೆ, ಒಂದು ರಾಶಿಯ ಮೇಲಿನದ್ದು, ಇನ್ನೊಂದು ಬುಡದ್ದು. ಯಾವುದು ಯಾವುದು ಎಂದು ಹೇಳುವುದಿಲ್ಲ. ಎರಡು ತಂಡ ಒಂದೇ ಅಳತೆಯಲ್ಲಿ ಕಾಂಕ್ರೀಟ್ ಕಲಸುತ್ತವೆ. ಸ್ಲಂಪ್ ಬೇರೆ ಬೇರೆ ಬರುತ್ತದೆ. ಅರ್ಧ ಗಂಟೆ ಒಬ್ಬರು ಇನ್ನೊಬ್ಬರ ತೂಕ ತಪ್ಪು ಎಂದು ವಾದ ಮಾಡುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಮರಳನ್ನು ಕೈಯಲ್ಲಿ ಹಿಂಡುತ್ತಾರೆ.

ಕಳೆದ ಸಲ ಒಬ್ಬ ಹುಡುಗ ಎರಡೂ ಚೀಲಗಳನ್ನು ಮುಟ್ಟಿ ನೋಡಿ ನನ್ನ ಹತ್ತಿರ ಬಂದ.

“ಮೇಡಂ, ಇದು ಮೇಲಿನದ್ದು, ಇದು ಕೆಳಗಿನದ್ದು. ನಡುವಿನದ್ದು ಎಲ್ಲಿ? ಅದು ಎರಡರ ಸರಾಸರಿ ಇರುತ್ತಾ, ಅಥವಾ ಒಂದು ಆಳದಲ್ಲಿ ಥಟ್ಟನೆ ಬದಲಾಗುತ್ತಾ?”

ನಾವು ಅದನ್ನು ಅಳೆದಿರಲಿಲ್ಲ. ಟೆಕ್ನಿಷಿಯನ್ ಆಗಲೇ ಸಲಿಕೆ ತೆಗೆದುಕೊಂಡಿದ್ದರು. ನಾನು ಪಕ್ಕದ ಲ್ಯಾಬಿಗೆ ಹೋಗಿ ಇನ್ನೂ ಹನ್ನೆರಡು ಡಬ್ಬಿ ಕೇಳಿದೆ.